ರೋಮ್ ಬೆಳೆದದ್ದು ಹೇಗೆ, ಪಶ್ಚಿಮದ ಸಾಮ್ರಾಜ್ಯ ಕುಸಿದದ್ದು ಯಾಕೆ?

ಓದುಗರ ಪ್ರಶ್ನೆ: ಪದವಿ ತರಗತಿಯ ಟಿಪ್ಪಣಿಗಳಲ್ಲಿ ರೋಮ್ ಪತನಕ್ಕೆ ವಿಲಾಸ, ನೈತಿಕ ಅಧಃಪತನ, ಕ್ರೈಸ್ತ ಧರ್ಮ, ಸೀಸದ ಕೊಳವೆ, ಬರ್ಬರರ ದಾಳಿ ಎಂದು ಹತ್ತಾರು ಕಾರಣ ಕೊಟ್ಟಿದ್ದಾರೆ. ಇವುಗಳಲ್ಲಿ ನಿಜವಾಗಿ ತೂಕದ್ದು ಯಾವುದು? ಇಟಲಿಯ ಒಂದು ಸಣ್ಣ ಊರು ಅಷ್ಟು ದೊಡ್ಡದಾಗಿದ್ದಾದರೂ ಹೇಗೆ? ಮೆಣಸಿಗಾಗಿ ಭಾರತಕ್ಕೆ ಹರಿದ ಚಿನ್ನ ಬೆಳ್ಳಿಯಿಂದಲೇ ರೋಮ್ ಬಡವಾಯಿತು ಎನ್ನುವ ಮಾತು ಸರಿಯೇ?

ಉತ್ತರ: ಕಾರಣಗಳನ್ನು ತೂಗುವ ಮೊದಲು ಕೈಯಲ್ಲೊಂದು ಜರಡಿ ಇಟ್ಟುಕೊಳ್ಳಿ. ಕ್ರಿ.ಶ. 395ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಸತ್ತ ಮೇಲೆ ರೋಮನ್ ಸಾಮ್ರಾಜ್ಯಕ್ಕೆ ಎರಡು ಆಸ್ಥಾನ. ಪಶ್ಚಿಮದ್ದು ಮಿಲಾನ್‌ನಲ್ಲಿ, ಆಮೇಲೆ ರವೆನ್ನಾದಲ್ಲಿ, ಪೂರ್ವದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್). 476ರಲ್ಲಿ ಬಿದ್ದದ್ದು ಪಶ್ಚಿಮ ಮಾತ್ರ. ಪೂರ್ವ 1453ರವರೆಗೆ ಉಳಿಯಿತು, ಅಲ್ಲಿಯ ಜನ ಕೊನೆಯ ದಿನದವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ಹಾಗಾಗಿ ಯಾವ ಕಾರಣ ಎದುರಾದರೂ ಮೊದಲು ಕೇಳಬೇಕಾದ್ದು: ಇದು ಪೂರ್ವದಲ್ಲೂ ಇತ್ತೇ? ಇದ್ದರೆ ಅದೊಂದೇ ಪಶ್ಚಿಮವನ್ನು ಕೆಡವಿರಲಾರದು.

ಈ ಜರಡಿಯಲ್ಲಿ ನಿಮ್ಮ ಪಟ್ಟಿಯ ಮುಕ್ಕಾಲು ಭಾಗ ನಿಲ್ಲುವುದಿಲ್ಲ. ಕ್ರೈಸ್ತ ಧರ್ಮ ಪೂರ್ವದಲ್ಲೇ ಹೆಚ್ಚು ಗಟ್ಟಿಯಾಗಿ ಬೇರೂರಿತ್ತು. ಸೀಸದ ಕೊಳವೆ ಎರಡೂ ಕಡೆ ಇದ್ದವು. ಅಲ್ಲದೆ ರೋಮ್ ನಗರದ ನೀರು ಸುಣ್ಣದ ಅಂಶ ಹೆಚ್ಚಿದ್ದ ಗಡಸು ನೀರು. ಕೊಳವೆಯ ಒಳಮೈಗೆ ಬೇಗ ಪದರ ಕಟ್ಟುತ್ತಿತ್ತು, ನೀರು ನಿಲ್ಲದೆ ಹರಿಯುತ್ತಲೇ ಇತ್ತು. ಆದ್ದರಿಂದ ಸೀಸ ಒಂದಿಷ್ಟು ಮೈಗೆ ಸೇರಿದರೂ ಸಾಮ್ರಾಜ್ಯವೇ ಮಂಕಾಗುವಷ್ಟು ಸೇರುವ ಸಂಭವ ಇರಲಿಲ್ಲ. ವಿಲಾಸ ಮತ್ತು ನೈತಿಕ ಅಧಃಪತನದ ದೂರು ರೋಮ್‌ನಲ್ಲಿ ಅತಿ ಜೋರಾಗಿ ಕೇಳಿಬಂದದ್ದು ಕ್ರಿ.ಪೂ. ಎರಡನೆಯ ಮತ್ತು ಒಂದನೆಯ ಶತಮಾನಗಳಲ್ಲಿ, ಅಂದರೆ ಅದು ಅತಿ ವೇಗವಾಗಿ ಬೆಳೆಯುತ್ತಿದ್ದಾಗ. ಐದುನೂರು ವರ್ಷ ಮೊದಲಿನ ವಿಲಾಸ ಐದುನೂರು ವರ್ಷದ ನಂತರದ ಪತನಕ್ಕೆ ಕಾರಣ ಎನ್ನುವುದು ಇತಿಹಾಸವಲ್ಲ, ಉಪದೇಶ.

ಜರಡಿಯಲ್ಲಿ ಉಳಿಯುವುದು ಎರಡು ಲೆಕ್ಕ. ಸೈನಿಕರನ್ನು ಎಲ್ಲಿಂದ ತಂದರು? ಅವರ ಸಂಬಳಕ್ಕೆ ಹಣ ಎಲ್ಲಿಂದ ತಂದರು? ಮೊದಲನೆಯ ಪ್ರಶ್ನೆಗೆ ಬೇರೆ ಯಾರಿಗೂ ಹೊಳೆಯದ ಉತ್ತರ ಕಂಡುಕೊಂಡದ್ದರಿಂದ ರೋಮ್ ಬೆಳೆಯಿತು. ಎರಡನೆಯದಕ್ಕೆ ಉತ್ತರ ಕೈತಪ್ಪಿದ್ದರಿಂದ ಪಶ್ಚಿಮ ಬಿತ್ತು.

ಬೆಳೆದ ಕಥೆಗೆ ಎಲ್ಲರೂ ಹಿಡಿಯುವ ಇಸವಿ ಕ್ರಿ.ಪೂ. 753, ನಗರ ಸ್ಥಾಪನೆಯ ಸಾಂಪ್ರದಾಯಿಕ ವರ್ಷ. ಆದರೆ ನೆನಪಿಡಬೇಕಾದ ಇಸವಿ ಕ್ರಿ.ಪೂ. 338. ಸುತ್ತಲಿನ ಲ್ಯಾಟಿನ್ ಊರುಗಳು ಒಕ್ಕೂಟ ಕಟ್ಟಿಕೊಂಡು ರೋಮ್ ವಿರುದ್ಧ ಎದ್ದು, ಎರಡು ವರ್ಷ ಹೋರಾಡಿ ಆ ವರ್ಷ ಸೋತವು. ಗೆದ್ದವರು ಸೋತ ಊರನ್ನು ಸುಡುವುದು, ಜನರನ್ನು ಮಾರುವುದು, ಇಲ್ಲವೇ ಕಪ್ಪ ಹೇರುವುದು ಆ ಕಾಲದ ವಾಡಿಕೆ. ರೋಮ್ ಒಕ್ಕೂಟವನ್ನು ಒಡೆದು ಪ್ರತಿ ಊರಿನೊಂದಿಗೂ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿತು. ಲಾನುವಿಯಮ್, ಅರಿಕಿಯಾದಂಥ ಊರುಗಳಿಗೆ ಪೂರ್ಣ ಪೌರತ್ವ ಸಿಕ್ಕಿತು. ದಕ್ಷಿಣದ ಕಾಪುವಾಕ್ಕೆ ಮತದಾನದ ಹಕ್ಕಿಲ್ಲದ ಪೌರತ್ವ. ತಿಬುರ್, ಪ್ರೈನೆಸ್ತೆ ಒಂದಿಷ್ಟು ಜಮೀನು ಕಳೆದುಕೊಂಡು ಮಿತ್ರರಾಗಿ ಉಳಿದವು. ಇನ್ನುಳಿದ ಲ್ಯಾಟಿನ್ ಊರುಗಳು ತಮ್ಮತಮ್ಮಲ್ಲಿ ವ್ಯಾಪಾರ, ಮದುವೆ, ಸಭೆ ನಡೆಸುವಂತಿರಲಿಲ್ಲ. ಹೀಗೆ ಪ್ರತಿ ಊರಿನ ಹಗ್ಗವೂ ರೋಮ್‌ನ ಕೈಯಲ್ಲಿ, ಒಬ್ಬರ ಹಗ್ಗ ಇನ್ನೊಬ್ಬರ ಕೈಗೆ ಸಿಗದ ಹಾಗೆ.

ಇದರಲ್ಲಿ ಅತಿ ಮುಖ್ಯ ಷರತ್ತು ಕಪ್ಪದ್ದು. ಮಿತ್ರ ಊರುಗಳು ರೋಮ್‌ಗೆ ಹಣ ಕೊಡಬೇಕಿರಲಿಲ್ಲ, ಯುದ್ಧದ ಹೊತ್ತಿಗೆ ಆಳು ಕೊಡಬೇಕಿತ್ತು. ಆ ಆಳುಗಳ ಸಂಬಳ ಅವರವರ ಊರಿನದು, ದಂಡಿನಲ್ಲಿದ್ದಷ್ಟು ದಿನ ಧಾನ್ಯ ರೋಮ್‌ನದು. ಇದರ ಪರಿಣಾಮವನ್ನು ಗಮನಿಸಿ. ಯುದ್ಧ ಇಲ್ಲದ ವರ್ಷ ರೋಮ್‌ಗೆ ಮಿತ್ರರಿಂದ ಏನೂ ಬರುವುದಿಲ್ಲ. ಯುದ್ಧ ಇದ್ದ ವರ್ಷ ಸಾವಿರಾರು ಯೋಧರು ಬರುತ್ತಾರೆ, ಗೆದ್ದರೆ ಕೊಳ್ಳೆಯಲ್ಲೂ ವಶವಾದ ಜಮೀನಿನಲ್ಲೂ ಅವರಿಗೆ ಪಾಲು. ಹಾಗಾಗಿ ಸುಮಾರು ಪ್ರತಿ ಬೇಸಿಗೆಯಲ್ಲೂ ಕಾನ್ಸಲ್‌ಗಳು (ವರ್ಷಕ್ಕೊಮ್ಮೆ ಆಯ್ಕೆಯಾಗುವ ಇಬ್ಬರು ಮುಖ್ಯಾಧಿಕಾರಿಗಳು) ದಂಡು ಹೊರಡಿಸಿದರು. ನಿನ್ನೆ ಸೋತವನು ಇವತ್ತು ಇನ್ನೊಬ್ಬನನ್ನು ಸೋಲಿಸಲು ಜೊತೆಯಾದನು. ಗೆದ್ದ ನೆಲದಲ್ಲಿ 2,500ರಿಂದ 6,000 ಕುಟುಂಬಗಳ ವಸಾಹತುಗಳು ಎದ್ದವು, ಅವುಗಳಿಗೆ ರಸ್ತೆ ಬಂತು. ಕಾಪುವಾಕ್ಕೆ ಹೋಗುವ ಅಪ್ಪಿಯನ್ ರಸ್ತೆ ಶುರುವಾದದ್ದು ಕ್ರಿ.ಪೂ. 312ರಲ್ಲಿ.

ಈ ಏರ್ಪಾಡಿನ ಬಲ ತಿಳಿಯುವುದು ರೋಮ್ ಸೋತ ಯುದ್ಧಗಳಲ್ಲಿ. ಗ್ರೀಸಿನ ಎಪಿರಸ್‌ನ ರಾಜ ಪಿರ್ರಸ್ ಸುಮಾರು 25,000 ಸೈನಿಕರು, 20 ಆನೆಗಳೊಂದಿಗೆ ಬಂದು ಕ್ರಿ.ಪೂ. 280ರಲ್ಲೂ 279ರಲ್ಲೂ ರೋಮನ್ನರನ್ನು ಸೋಲಿಸಿದ. ಅವನು ಕಳೆದುಕೊಂಡ ಸೈನಿಕನಿಗೆ ಬದಲಿ ಸಮುದ್ರದ ಆಚೆಯಿಂದ ಬರಬೇಕಿತ್ತು, ರೋಮ್‌ಗೆ ಬದಲಿ ಪಕ್ಕದ ಊರಿನಿಂದಲೇ ಸಿಗುತ್ತಿತ್ತು. 275ರಲ್ಲಿ ಅವನು ಬರಿಗೈಯಲ್ಲಿ ಮರಳಿದ. ಮುಂದೆ ಉತ್ತರ ಆಫ್ರಿಕಾದ ನಗರರಾಜ್ಯ ಕಾರ್ತೇಜ್ ಜೊತೆಗಿನ ಮೊದಲ ಯುದ್ಧದಲ್ಲಿ (ಕ್ರಿ.ಪೂ. 264–241) ಸಮುದ್ರದ ಅನುಭವವೇ ಸಾಲದ ರೋಮ್, ದಡಕ್ಕೆ ಬಿದ್ದ ಶತ್ರು ಹಡಗನ್ನು ನೋಡಿಕೊಂಡು ನೂರು ದೊಡ್ಡ ಯುದ್ಧನೌಕೆ ಕಟ್ಟಿತು. 255ರಲ್ಲಿ ಸಿಸಿಲಿಯ ಬಳಿ ಬಿರುಗಾಳಿಗೆ ಸಿಕ್ಕ 364 ಹಡಗುಗಳಲ್ಲಿ ಉಳಿದದ್ದು 80 ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಮತ್ತೆ ಕಟ್ಟಿದರು. ಕೊನೆಗೆ ಬೊಕ್ಕಸದಲ್ಲಿ ಕಾಸಿಲ್ಲದಾಗ ಸಿರಿವಂತರು ಸಾಲ ಕೊಟ್ಟು 200 ಹಡಗು ಕಟ್ಟಿಸಿದರು. 241ರಲ್ಲಿ ಗೆದ್ದದ್ದು ಆ ಹಡಗುಗಳಿಂದ.

ಇಟಲಿಯ ಮೇಲೆ ದಂಡೆತ್ತಿ ಬಂದ ಕಾರ್ತೇಜ್‌ನ ಸೇನಾಪತಿ ಹನ್ನಿಬಾಲನ ಲೆಕ್ಕ ತಪ್ಪಿದ್ದೂ ಇಲ್ಲಿಯೇ. ಕ್ರಿ.ಪೂ. 216ರ ಕಾನೆ ಯುದ್ಧದಲ್ಲಿ ಒಂದೇ ದಿನ ಸತ್ತ ರೋಮನ್ ಪಕ್ಷದವರು ರೋಮನ್ ಇತಿಹಾಸಕಾರ ಲಿವಿಯ ಲೆಕ್ಕದಲ್ಲಿ ಸುಮಾರು 48,000, ಪೊಲಿಬಿಯಸ್ ಲೆಕ್ಕದಲ್ಲಿ 70,000. ಇಷ್ಟಾದರೆ ಮಿತ್ರರು ಕೈಬಿಡುತ್ತಾರೆ, ರೋಮ್ ಶರಣಾಗುತ್ತದೆ ಎಂದು ಅವನು ಎಣಿಸಿದ್ದ. ಕಾಪುವಾ ಮತ್ತು ದಕ್ಷಿಣದ ಅನೇಕ ಊರುಗಳು ಕೈಬಿಟ್ಟವು ನಿಜ, ಆದರೆ ನಡು ಇಟಲಿ ಅಲುಗಲಿಲ್ಲ. ಆ ಯುದ್ಧಕ್ಕೆ ಒಂಬತ್ತು ವರ್ಷ ಮೊದಲು ಮಾಡಿದ ಎಣಿಕೆಯ ಪ್ರಕಾರ ರೋಮ್ ಮತ್ತು ಮಿತ್ರರಲ್ಲಿ ಆಯುಧ ಹಿಡಿಯಬಲ್ಲ ಕಾಲಾಳುಗಳು 7 ಲಕ್ಷ, ಕುದುರೆ ಸವಾರರು 70,000. ಕಾನೆಯ ನಂತರ ಸರ್ಕಾರ 8,000 ಗುಲಾಮರನ್ನು ಕೊಂಡು ಬಿಡುಗಡೆಯ ಭರವಸೆ ಕೊಟ್ಟು ಸೈನ್ಯಕ್ಕೆ ಸೇರಿಸಿತು. ನಾಲ್ಕೇ ವರ್ಷದಲ್ಲಿ ಸುಮಾರು 25 ಲೀಜನ್‌ಗಳು (ರೋಮನ್ ಸೈನ್ಯದ ದೊಡ್ಡ ದಳಗಳು) ರಣರಂಗದಲ್ಲಿದ್ದವು. ಹಾಗೆಂದು ಈ ಏರ್ಪಾಡಿಗೆ ಬಿರುಕೇ ಬರಲಿಲ್ಲ ಎಂದು ತಿಳಿಯಬೇಡಿ. 209ರಲ್ಲಿ 30 ಲ್ಯಾಟಿನ್ ವಸಾಹತುಗಳ ಪೈಕಿ 12 "ಇನ್ನು ಕೊಡಲು ಆಳೂ ಇಲ್ಲ, ಹಣವೂ ಇಲ್ಲ" ಎಂದುಬಿಟ್ಟವು. ಉಳಿದ 18 ಕೊಟ್ಟದ್ದರಿಂದ ರೋಮ್ ಬದುಕಿತು.

ಹೊರಗಿನವರಿಗೆ ಇದು ಆಗಲೇ ಕಂಡಿತ್ತು. ಮಕೆಡೋನಿಯದ ಐದನೆಯ ಫಿಲಿಪ್ ರಾಜ ಕ್ರಿ.ಪೂ. 215ರ ಸುಮಾರಿಗೆ ಲಾರಿಸ್ಸಾ ಊರಿಗೆ ಬರೆದ ಪತ್ರ ಕಲ್ಲಿನ ಮೇಲೆ ಉಳಿದಿದೆ. ಪೌರರ ಸಂಖ್ಯೆ ಹೆಚ್ಚಿಸಿಕೊಳ್ಳಿ ಎಂದು ಒತ್ತಾಯಿಸುತ್ತ ಅವನು ರೋಮನ್ನರ ಮಾದರಿ ಕೊಡುತ್ತಾನೆ: ಅವರು ಬಿಡುಗಡೆಯಾದ ಗುಲಾಮರನ್ನೂ ಪೌರರನ್ನಾಗಿ ಮಾಡಿಕೊಳ್ಳುತ್ತಾರೆ, ಆ ಬಲದಿಂದಲೇ ಸುಮಾರು ಎಪ್ಪತ್ತು ಕಡೆ ವಸಾಹತು ಕಳಿಸಿದ್ದಾರೆ. ರೋಮ್ ಬೆಳೆದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿದ್ದು ಅದರ ವೈರಿಯೇ. ಅಥೆನ್ಸ್‌ನಲ್ಲಿ ತಂದೆತಾಯಿ ಇಬ್ಬರೂ ಪೌರರಾಗಿರದಿದ್ದರೆ ಮಗ ಪೌರನಲ್ಲ. ಸ್ಪಾರ್ಟಾದಲ್ಲಿ ಪೌರರ ಸಂಖ್ಯೆ ಕುಗ್ಗುತ್ತಲೇ ಹೋಯಿತು.

ಅಲ್ಲಿಂದ ಮುಂದಿನ ಇನ್ನೂರು ವರ್ಷವನ್ನು ಬೇಗ ದಾಟಬಹುದು. ಕ್ರಿ.ಪೂ. 146ರಲ್ಲಿ ಕಾರ್ತೇಜ್ ಮತ್ತು ಕೊರಿಂತ್ ಎರಡೂ ನಾಶವಾದವು. ಪ್ರಾಂತ್ಯಗಳ ಕಪ್ಪ ಎಷ್ಟು ಬಂತೆಂದರೆ 167ರಿಂದಲೇ ರೋಮನ್ ಪೌರರು ಇಟಲಿಯಲ್ಲಿ ನೇರ ತೆರಿಗೆ ಕಟ್ಟುವುದು ನಿಂತಿತ್ತು. ಆದರೆ ವರ್ಷಗಟ್ಟಲೆ ಸ್ಪೇನ್, ಏಷ್ಯಾಗಳಲ್ಲಿ ಹೋರಾಡಿದ ರೈತ ಮನೆಗೆ ಬಂದರೆ ಜಮೀನು ದೊಡ್ಡವರ ಪಾಲಾಗಿರುತ್ತಿತ್ತು. ಅದನ್ನು ಸರಿಪಡಿಸಹೊರಟ ಗ್ರಾಕಸ್ ಸಹೋದರರು 133 ಮತ್ತು 121ರಲ್ಲಿ ವಿರೋಧಿಗಳ ಹಿಂಸೆಗೆ ಬಲಿಯಾದರು. 107ರಲ್ಲಿ ಮಾರಿಯಸ್ ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ಅವರಿಗೆ ನಿವೃತ್ತಿಯಲ್ಲಿ ಜಮೀನು ಕೊಡಿಸುವವನು ಸೆನೆಟ್ ಅಲ್ಲ, ಸೇನಾಪತಿ. ಆದ್ದರಿಂದ ನಿಷ್ಠೆಯೂ ಅವನಿಗೇ. ಸುಲ್ಲಾ 88ರಲ್ಲಿ ರೋಮ್ ಮೇಲೆಯೇ ದಂಡು ತಂದ, ಸೀಸರ್ 49ರಲ್ಲಿ ದಂಡಿನೊಂದಿಗೆ ಇಟಲಿಯ ಗಡಿಯ ರೂಬಿಕಾನ್ ನದಿ ದಾಟಿದ. ಇದರ ನಡುವೆ 91ರಲ್ಲಿ ಇಟಲಿಯ ಮಿತ್ರರು ದಂಗೆಯೆದ್ದದ್ದು ಪೌರತ್ವ ಬೇಕು ಎಂದು. ರಣರಂಗದಲ್ಲಿ ರೋಮ್ ಮೇಲುಗೈ ಪಡೆದರೂ ಅವರ ಬೇಡಿಕೆಗೆ ಒಪ್ಪಬೇಕಾಯಿತು.

ಮೊದಲ ಚಕ್ರವರ್ತಿ ಆಗಸ್ಟಸ್ ಮಾಡಿದ ದೊಡ್ಡ ಕೆಲಸ ಈ ಗಂಟನ್ನು ಬಿಡಿಸಿದ್ದು. ಕಾಯಂ ಸೈನ್ಯ, ಗೊತ್ತಾದ ಅವಧಿ, ಗೊತ್ತಾದ ಸಂಬಳ. ಕ್ರಿ.ಶ. 6ರಲ್ಲಿ ನಿವೃತ್ತರಿಗೆಂದೇ ಬೇರೆ ಖಜಾನೆ ತೆರೆದು, ತನ್ನ ಕೈಯಿಂದ 17 ಕೋಟಿ ಸೆಸ್ಟರ್ಸ್ (ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ) ಹಾಕಿ, ಮುಂದಿನ ಆದಾಯಕ್ಕೆ ವಾರಸಾ ಆಸ್ತಿಯ ಮೇಲೆ ನೂರಕ್ಕೆ 5 ಮತ್ತು ಹರಾಜಿನ ಮಾರಾಟದ ಮೇಲೆ ನೂರಕ್ಕೆ 1 ತೆರಿಗೆ ಗೊತ್ತುಮಾಡಿದ. ಲೆಕ್ಕ ಹಾಕಿ ನೋಡಿ: ಲೀಜನ್‌ಗಳು 25, ಒಂದರಲ್ಲಿ ಸುಮಾರು 5,000 ಆಳು, ಸಾಮಾನ್ಯ ಸೈನಿಕನ ಸಂಬಳ ವರ್ಷಕ್ಕೆ 225 ಡಿನೇರಿಯಸ್. ಬರಿಯ ಲೀಜನ್‌ಗಳ ಸಾಮಾನ್ಯ ಸಂಬಳವೇ ವರ್ಷಕ್ಕೆ 2 ಕೋಟಿ 80 ಲಕ್ಷ ಡಿನೇರಿಯಸ್. ಹೆಚ್ಚು ಕಡಿಮೆ ಅಷ್ಟೇ ಸಂಖ್ಯೆಯ, ಪೌರರಲ್ಲದವರ ಸಹಾಯಕ ಪಡೆ, ಅಧಿಕಾರಿಗಳು, ಕುದುರೆ, ನೌಕಾಪಡೆ, ಪ್ರತಿ ನಿವೃತ್ತನಿಗೆ 3,000 ಡಿನೇರಿಯಸ್, ಇವೆಲ್ಲ ಬೇರೆ. ಸರ್ಕಾರದ ಅತಿ ದೊಡ್ಡ ಖರ್ಚು ಇದೇ. ಈ ಖರ್ಚು ಬೆಳೆಯದೆ, ಆದಾಯ ಕುಗ್ಗದೆ ಇರುವವರೆಗೆ ಎಲ್ಲ ಸರಿ. ಪೌರತ್ವದ ಬಾಗಿಲೂ ತೆರೆದೇ ಇತ್ತು. ಸಹಾಯಕ ಪಡೆಯ ಸೈನಿಕ 25 ವರ್ಷ ದುಡಿದರೆ ಪೌರನಾಗುತ್ತಿದ್ದ, ಆ ಹಕ್ಕನ್ನು ಕೆತ್ತಿದ ಕಂಚಿನ ಫಲಕಗಳು ಇಂದಿಗೂ ನೆಲದಲ್ಲಿ ಸಿಗುತ್ತವೆ. ಕೊನೆಗೆ 212ರಲ್ಲಿ ಚಕ್ರವರ್ತಿ ಕರಕಲ್ಲಾ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ.

ಲೆಕ್ಕ ತಪ್ಪತೊಡಗಿದ್ದನ್ನು ನೋಡಲು ಒಂದು ಡಿನೇರಿಯಸ್ ಸಾಕು. ಆಗಸ್ಟಸ್ ಕಾಲದ ನಾಣ್ಯ ಸುಮಾರು 3.9 ಗ್ರಾಂ ತೂಕ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಒಂದು ರೋಮನ್ ಪೌಂಡಿಗೆ 84 ನಾಣ್ಯ. ಚಕ್ರವರ್ತಿ ನೀರೋ 64ರಲ್ಲಿ ಪೌಂಡಿಗೆ 96 ಹೊಡೆಸಿ, ಬೆಳ್ಳಿಗೆ ತಾಮ್ರವನ್ನೂ ಬೆರೆಸಿದ. ನೂರು ವರ್ಷದ ನಂತರ, 165ರಿಂದ, ದೊಡ್ಡ ಪಿಡುಗು ಬಂತು. ಡ್ಯಾನ್ಯೂಬ್ ಗಡಿಯಲ್ಲಿ ದೀರ್ಘ ಯುದ್ಧ ನಡೆಯಿತು. ಸೈನಿಕರನ್ನು ಒಲಿಸಿಕೊಂಡೇ ಪಟ್ಟಕ್ಕೆ ಬಂದ ಸೆಪ್ಟಿಮಿಯಸ್ ಸೆವೆರಸ್ ಸಂಬಳ ಏರಿಸಿದ, ಮಗ ಕರಕಲ್ಲಾ ಅದರ ಮೇಲೆ ಇನ್ನೂ ಅರ್ಧದಷ್ಟು ಏರಿಸಿದ. ಸೆವೆರಸ್ ಕಾಲಕ್ಕೆ ನಾಣ್ಯದಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿತ್ತು. 215ರಲ್ಲಿ ಕರಕಲ್ಲಾ ಹೊಸ ನಾಣ್ಯ ತಂದ: ಬೆಲೆ ಎರಡು ಡಿನೇರಿಯಸ್, ತೂಕ ಒಂದೂವರೆಯದು. 270ರ ಹೊತ್ತಿಗೆ ಅದೇ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ 5ಕ್ಕಿಂತ ಕಡಿಮೆ. ತಾಮ್ರದ ಬಿಲ್ಲೆಗೆ ಮೇಲೊಂದು ತೆಳು ಬೆಳ್ಳಿಯ ಲೇಪ, ನಾಲ್ಕು ಕೈ ದಾಟಿದರೆ ಕೆಂಪು ಕಾಣುತ್ತಿತ್ತು.

ಬೆಳ್ಳಿ ಕದಿಯುವುದರಿಂದ ಬೆಲೆ ಏರುತ್ತದೆ ಎಂಬುದಷ್ಟೇ ಹಾನಿಯಲ್ಲ. ಜನ ಹಳೆಯ ಒಳ್ಳೆಯ ನಾಣ್ಯವನ್ನು ಮಡಕೆಯಲ್ಲಿ ಹೂಳುತ್ತಾರೆ, ತೆರಿಗೆಗೆ ಹೊಸ ಕಳಪೆ ನಾಣ್ಯ ಕೊಡುತ್ತಾರೆ. ಅಂದರೆ ಸರ್ಕಾರ ಹೊರಗೆ ಬಿಟ್ಟ ಕಳಪೆ ನಾಣ್ಯ ತೆರಿಗೆಯಾಗಿ ಸರ್ಕಾರಕ್ಕೇ ಮರಳುತ್ತದೆ, ಮುಂದಿನ ಸಂಬಳಕ್ಕೆ ಬೆಳ್ಳಿ ಇನ್ನೂ ಕಡಿಮೆ ಬೀಳುತ್ತದೆ. ಕೊನೆಗೆ ಸೈನ್ಯಕ್ಕೆ ನಾಣ್ಯದ ಬದಲು ಧಾನ್ಯ, ಮಾಂಸ, ಬಟ್ಟೆಯನ್ನೇ ತೆರಿಗೆಯಾಗಿ ಎತ್ತಬೇಕಾಯಿತು. ಇದೇ ಹೊತ್ತಿಗೆ, 224ರಲ್ಲಿ, ಪರ್ಷಿಯಾದಲ್ಲಿ ಸಸಾನಿ ಅರಸರು ಎದ್ದರು. 260ರಲ್ಲಿ ಚಕ್ರವರ್ತಿ ವಲೇರಿಯನ್‌ನನ್ನೇ ಸೆರೆಹಿಡಿದರು. 235ರಿಂದ 284ರವರೆಗಿನ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದು ಹೋದರು, ಬಹುಪಾಲು ಜನ ಸತ್ತದ್ದು ಸೈನಿಕರ ಕೈಯಲ್ಲೇ. ಹೊಸಬ ಪಟ್ಟಕ್ಕೆ ಬಂದಾಗಲೆಲ್ಲ ಸೈನಿಕರಿಗೆ ಇನಾಮು, ಇನಾಮಿಗೆ ಇನ್ನಷ್ಟು ತಾಮ್ರ.

ಬಹಳ ಟಿಪ್ಪಣಿಗಳು ಇಲ್ಲಿಂದ ನೇರ 476ಕ್ಕೆ ಜಿಗಿಯುತ್ತವೆ. ಅದು ದೊಡ್ಡ ತಪ್ಪು, ಯಾಕೆಂದರೆ ರೋಮ್ ಈ ಬಿಕ್ಕಟ್ಟಿನಿಂದ ಎದ್ದು ನಿಂತಿತು. ಡಯೊಕ್ಲೇಷಿಯನ್ (284–305) ಅಧಿಕಾರವನ್ನು ನಾಲ್ವರಲ್ಲಿ ಹಂಚಿದ, ಪ್ರಾಂತ್ಯಗಳನ್ನು ಒಡೆದು ಸುಮಾರು ನೂರಕ್ಕೆ ಏರಿಸಿದ, ಜಮೀನು ಮತ್ತು ತಲೆ ಎಣಿಸಿ ತೆರಿಗೆ ಗೊತ್ತುಮಾಡಿದ. ಅವನ ಒಂದು ಕ್ರಮ ಮಾತ್ರ ಪೂರ್ತಿ ಕೆಟ್ಟಿತು. 301ರಲ್ಲಿ ಸಾವಿರಕ್ಕೂ ಹೆಚ್ಚು ಸರಕು ಮತ್ತು ಕೂಲಿಗಳಿಗೆ ಗರಿಷ್ಠ ದರ ಕೆತ್ತಿಸಿದ: ಒಂದು ಪೌಂಡ್ ಹಂದಿಮಾಂಸಕ್ಕೆ 12 ಡಿನೇರಿಯಸ್, ಹೊಲದ ಆಳಿಗೆ ಊಟದ ಜೊತೆ ದಿನಕ್ಕೆ 25. ಮೀರಿದರೆ ಮರಣದಂಡನೆ. ಇಡೀ ಸಾಮ್ರಾಜ್ಯಕ್ಕೆ ಒಂದೇ ದರ, ಸಾಗಣೆಯ ಖರ್ಚು ಊರಿಂದೂರಿಗೆ ಬೇರೆ. ಸರಕು ಅಂಗಡಿಯಿಂದ ಮಾಯವಾಯಿತು, ಆಜ್ಞೆ ಬಿದ್ದುಹೋಯಿತು. ಹಣಕ್ಕೆ ನಿಜವಾದ ಪರಿಹಾರ ಸಿಕ್ಕಿದ್ದು ಕಾನ್‌ಸ್ಟಂಟೈನ್‌ನ ಚಿನ್ನದ ಸಾಲಿಡಸ್‌ನಿಂದ. ಪೌಂಡಿಗೆ 72, ತಲಾ ಸುಮಾರು 4.5 ಗ್ರಾಂ, ಮುಂದೆ ಏಳುನೂರು ವರ್ಷ ಇದರ ಗುಣ ಕೆಡಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕಾ, ಸಿರಿಯಾಗಳ ಹಳ್ಳಿಗಳು ಬೆಳೆಯುತ್ತಿದ್ದವು, ಸೈನ್ಯ ಹಿಂದಿಗಿಂತ ದೊಡ್ಡದಾಗಿತ್ತು. ಬೆಲೆ ಏನೆಂದರೆ, ಈ ಯಂತ್ರ ನಡೆಯಲು ಪ್ರತಿ ವರ್ಷ ಪ್ರತಿ ಪ್ರಾಂತ್ಯದಿಂದ ತೆರಿಗೆ ಬರಲೇಬೇಕು. ದೊಡ್ಡ ಪ್ರಾಂತ್ಯವೊಂದು ಕೈತಪ್ಪಿದರೆ ತುಂಬಿಕೊಡಲು ಬೇರೆ ಮೂಲವಿಲ್ಲ.

ಹಾಗೆ ಕೈತಪ್ಪಿದ್ದು ನೂರು ವರ್ಷದಲ್ಲಿ, ಒಂದಾದ ಮೇಲೊಂದರಂತೆ. 376ರಲ್ಲಿ ಹೂಣರ ಒತ್ತಡಕ್ಕೆ ಸಿಕ್ಕ ಗಾತ್ ಜನ ಡ್ಯಾನ್ಯೂಬ್ ದಡಕ್ಕೆ ಬಂದು ಆಶ್ರಯ ಕೇಳಿದರು. ಚಕ್ರವರ್ತಿ ವಾಲೆನ್ಸ್ ಒಪ್ಪಿದ. ಹೊರಗಿನವರಿಗೆ ಜಮೀನು ಕೊಟ್ಟು ಸೈನಿಕರನ್ನು ಪಡೆಯುವುದು ಹಳೆಯ ಪದ್ಧತಿಯೇ. ಕೆಟ್ಟದ್ದು ಕಾರ್ಯದಲ್ಲಿ. ದಡದ ಅಧಿಕಾರಿಗಳಾದ ಲುಪಿಕಿನಸ್ ಮತ್ತು ಮ್ಯಾಕ್ಸಿಮಸ್ ಅನ್ನ ತಡೆಹಿಡಿದು, ನಾಯಿ ಮಾಂಸಕ್ಕೆ ಬದಲಾಗಿ ಗಾತರ ಮಕ್ಕಳನ್ನು ಗುಲಾಮರನ್ನಾಗಿ ತೆಗೆದುಕೊಂಡರು. ದಂಗೆ ಎದ್ದಿತು. 378ರ ಆಗಸ್ಟ್ 9ರಂದು ಏಡ್ರಿಯಾನೋಪಲ್‌ನಲ್ಲಿ ವಾಲೆನ್ಸ್ ಸತ್ತ, ಅವನ ದಂಡಿನಲ್ಲಿ ಮೂರನೇ ಒಂದು ಭಾಗವೂ ಉಳಿಯಲಿಲ್ಲ. 382ರ ಒಪ್ಪಂದದಲ್ಲಿ ಗಾತರು ಚದುರದೆ, ತಮ್ಮ ನಾಯಕರ ಕೈಕೆಳಗೇ ಸಾಮ್ರಾಜ್ಯದೊಳಗೆ ನೆಲೆಸಿದರು. ಹಿಂದೆ ಬಂದವರನ್ನೆಲ್ಲ ಒಡೆದು ಹಂಚಿ ಒಳಗೆ ಸೇರಿಸಿಕೊಂಡ ರೋಮ್‌ಗೆ ಈ ಸಲ ಅದು ಆಗಲಿಲ್ಲ. ಕ್ರಿ.ಪೂ. 338ರ ಪಾಠ ಮುರಿದದ್ದು ಇಲ್ಲಿ.

406ರ ಡಿಸೆಂಬರ್ ಕೊನೆಗೆ ವಾಂಡಲ್, ಅಲನ್, ಸುವೆಬಿ ಜನ ರೈನ್ ನದಿ ದಾಟಿದರು. ಗಾಲ್ (ಇಂದಿನ ಫ್ರಾನ್ಸ್) ಮತ್ತು ಸ್ಪೇನ್ ಹಾಳಾಗುತ್ತಿದ್ದಾಗ ಬ್ರಿಟನ್ನಿನ ಸೈನ್ಯ ತನ್ನದೇ ಚಕ್ರವರ್ತಿಯನ್ನು ಎತ್ತಿ ಕಟ್ಟಿತು, ರವೆನ್ನಾದ ಆಸ್ಥಾನ 408ರಲ್ಲಿ ತನ್ನ ಅತ್ಯುತ್ತಮ ಸೇನಾಪತಿ ಸ್ಟಿಲಿಖೋನನ್ನು ಕೊಂದಿತು. ಆಮೇಲೆ ಇಟಲಿಯ ಊರುಗಳಲ್ಲಿ ರೋಮನ್ ಸೈನಿಕರು ತಮ್ಮದೇ ಪಡೆಯ ಬರ್ಬರ ಸೈನಿಕರ ಹೆಂಡಿರು ಮಕ್ಕಳನ್ನು ಕಡಿದರು. ಆ ಗಂಡಸರೆಲ್ಲ ಗಾತರ ನಾಯಕ ಅಲಾರಿಕ್ ಕಡೆ ಹೋದರು. ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಅಲಾರಿಕ್ ಕೇಳಿದ ಮೊದಲ ಬಿಡುಗಡೆ ಹಣದಲ್ಲಿ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿಗಳ ಜೊತೆ 3,000 ಪೌಂಡ್ ಮೆಣಸೂ ಇತ್ತು. ನಮ್ಮ ಪಶ್ಚಿಮ ಕರಾವಳಿಯ ಮೆಣಸು. ಕೊನೆಗೆ ಅವನು ಬೇಡಿಕೆ ಇಳಿಸಿ ಗಡಿಯ ನೋರಿಕಮ್ ಪ್ರಾಂತ್ಯ ಮತ್ತು ವರ್ಷಕ್ಕಿಷ್ಟು ಧಾನ್ಯ ಸಾಕು ಎಂದ. ಪಶ್ಚಿಮದ ಚಕ್ರವರ್ತಿ ಹೊನೋರಿಯಸ್ ಒಪ್ಪಲಿಲ್ಲ. 410ರ ಆಗಸ್ಟ್ 24ರಂದು ರೋಮ್ ನಗರ ಮೂರು ದಿನ ಕೊಳ್ಳೆಹೋಯಿತು. ಮನಸ್ಸಿಗೆ ಅದು ದೊಡ್ಡ ಪೆಟ್ಟು, ಆದರೆ ರಾಜಧಾನಿ ಆಗಲೇ ರವೆನ್ನಾದಲ್ಲಿತ್ತು, ಬೊಕ್ಕಸ ಇನ್ನೂ ಉಸಿರಾಡುತ್ತಿತ್ತು.

ಮಾರಕ ಪೆಟ್ಟು ಬಿದ್ದದ್ದು ಆಫ್ರಿಕಾದಲ್ಲಿ. ಇಂದಿನ ಟುನೀಶಿಯಾ ಮತ್ತು ಪೂರ್ವ ಆಲ್ಜೀರಿಯಾದ ನೆಲ ಪಶ್ಚಿಮಕ್ಕೆ ಅನ್ನ ಕೊಡುತ್ತಿತ್ತು. ರೋಮ್ ನಗರದ ಗೋಧಿ, ಆಲಿವ್ ಎಣ್ಣೆ, ಊಟದ ಕೆಂಪು ತಟ್ಟೆಗಳು ಕೂಡ ಅಲ್ಲಿಂದ. ಕಾಯಲು ದೊಡ್ಡ ಸೈನ್ಯ ಬೇಕಿಲ್ಲ, ತೆರಿಗೆ ಪೂರ್ತಿ ಬರುತ್ತದೆ. ಇಂಥ ನೆಲಕ್ಕೆ 429ರಲ್ಲಿ ವಾಂಡಲ್ ರಾಜ ಗೈಸೆರಿಕ್ ಸ್ಪೇನಿನಿಂದ ಸಮುದ್ರ ದಾಟಿ ಬಂದ. ಹೆಂಗಸರು ಮಕ್ಕಳೂ ಸೇರಿ 80,000 ಜನ ಎಂದು ಅಂದಿನ ಲೆಕ್ಕ, ಯೋಧರು ಅದರಲ್ಲಿ ಸಣ್ಣ ಪಾಲು. ತಡೆಯಬೇಕಾಗಿದ್ದ ರೋಮನ್ ಸೇನಾಪತಿಗಳು ಅಧಿಕಾರಕ್ಕಾಗಿ ತಮ್ಮೊಳಗೆ ಕಾದಾಡಿ ಸೋತಿದ್ದರು. 439ರ ಅಕ್ಟೋಬರ್ 19ರಂದು, ರೋಮ್ ಜೊತೆಗಿನ ಒಪ್ಪಂದ ಜಾರಿಯಲ್ಲಿದ್ದಾಗಲೇ, ರೋಮನ್ನರೇ ಮತ್ತೆ ಕಟ್ಟಿದ್ದ ಕಾರ್ತೇಜ್ ನಗರವನ್ನು ಗೈಸೆರಿಕ್ ಹಿಡಿದ.

ಪರಿಣಾಮವನ್ನು ಪಶ್ಚಿಮದ ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್‌ನ ಕಾನೂನುಗಳಲ್ಲೇ ಓದಬಹುದು. 444ರ ಕಾನೂನು ನೇರವಾಗಿ ಒಪ್ಪಿಕೊಳ್ಳುತ್ತದೆ: ಹೊಸದಾಗಿ ಸೇರುವವರಿಗಿರಲಿ, ಹಳೆಯ ಸೈನಿಕರ ಊಟ ಬಟ್ಟೆಗೂ ಬರುತ್ತಿರುವ ತೆರಿಗೆ ಸಾಲದು. ಅದಕ್ಕಾಗಿ ಪ್ರತಿ ಮಾರಾಟದ ಮೇಲೆ ಇಪ್ಪತ್ತನಾಲ್ಕನೇ ಒಂದು ಭಾಗ ಹೊಸ ತೆರಿಗೆ, ಅರ್ಧ ಕೊಂಡವನದು, ಅರ್ಧ ಮಾರಿದವನದು. 445ರಲ್ಲಿ, ಮರಳಿ ಸಿಕ್ಕಿದ್ದ ಆಫ್ರಿಕಾದ ನುಮಿಡಿಯಾ ಪ್ರದೇಶದ ತೆರಿಗೆಯನ್ನು ಹಿಂದಿನ ಎಂಟನೇ ಒಂದಕ್ಕೆ ಇಳಿಸಬೇಕಾಯಿತು, ಅಷ್ಟು ಹಾಳಾಗಿತ್ತು. ಇಲ್ಲಿಂದ ಮುಂದೆ ಒಂದೊಂದು ಸೋಲೂ ಮುಂದಿನ ಸೋಲನ್ನು ತರುತ್ತದೆ. ಪ್ರಾಂತ್ಯ ಹೋದರೆ ತೆರಿಗೆ ಇಲ್ಲ, ತೆರಿಗೆ ಇಲ್ಲದಿದ್ದರೆ ಸೈನ್ಯ ಇಲ್ಲ, ಸೈನ್ಯ ಇಲ್ಲದಿದ್ದರೆ ಇನ್ನೊಂದು ಪ್ರಾಂತ್ಯ ಹೋಗುತ್ತದೆ.

ಆಫ್ರಿಕಾವನ್ನು ಮರಳಿ ಪಡೆದರೆ ಉಳಿಗಾಲ ಎಂಬುದು ಅಂದಿನವರಿಗೂ ಗೊತ್ತಿತ್ತು. 460ರಲ್ಲಿ ಪಶ್ಚಿಮದ ಚಕ್ರವರ್ತಿ ಮೇಜೋರಿಯನ್ ಸಜ್ಜುಮಾಡಿದ ಹಡಗುಗಳು ಸ್ಪೇನಿನ ದಡದಲ್ಲೇ ಶತ್ರುವಿನ ಪಾಲಾದವು. 468ರಲ್ಲಿ ಪೂರ್ವ ಪಶ್ಚಿಮ ಎರಡೂ ಸೇರಿ 1,100ಕ್ಕೂ ಹೆಚ್ಚು ಹಡಗು ಕಳಿಸಿದವು. ಖರ್ಚು, ಒಂದು ಲೆಕ್ಕದಂತೆ, 64,000 ಪೌಂಡ್ ಚಿನ್ನ ಮತ್ತು 7 ಲಕ್ಷ ಪೌಂಡ್ ಬೆಳ್ಳಿ. ಚಿನ್ನವೇ ಸುಮಾರು 21 ಟನ್. ಸೇನಾಪತಿ ಬಸಿಲಿಸ್ಕಸ್ ದಡದ ಹತ್ತಿರ ಬಂದು ಗೈಸೆರಿಕ್ ಕೇಳಿದ ಐದು ದಿನದ ವಿರಾಮ ಕೊಟ್ಟ. ಅಷ್ಟರಲ್ಲಿ ಗಾಳಿ ತಿರುಗಿತು. ವಾಂಡಲರು ಬೆಂಕಿ ಹಚ್ಚಿದ ಖಾಲಿ ಹಡಗುಗಳನ್ನು ಗಾಳಿಗೆ ಬಿಟ್ಟರು, ಒತ್ತಾಗಿ ನಿಂತಿದ್ದ ನೌಕಾಪಡೆ ಸುಟ್ಟುಹೋಯಿತು. ಪಶ್ಚಿಮಕ್ಕೆ ಅದೇ ಕೊನೆಯ ಅವಕಾಶ.

476ರಲ್ಲಿ ಇಟಲಿಯ ಸೈನಿಕರು ಕೇಳಿದ್ದೇನು ಗೊತ್ತೇ? ಇಟಲಿಯ ಜಮೀನಿನಲ್ಲಿ ಮೂರನೇ ಒಂದು ಭಾಗ. ಸಂಬಳ ಕೊಡಲಾಗದ ಸರ್ಕಾರದಿಂದ ಸೈನಿಕ ಕೇಳಬಹುದಾದ್ದು ಇಷ್ಟೇ. ಆಡಳಿತ ನಡೆಸುತ್ತಿದ್ದ ಒರೆಸ್ಟೀಸ್ ಒಪ್ಪಲಿಲ್ಲ, ಆಗಸ್ಟ್ 28ರಂದು ಕೊಲೆಯಾದ. ಸೆಪ್ಟೆಂಬರ್ 4ಕ್ಕೆ ಅವನ ಮಗ, ಬಾಲ ಚಕ್ರವರ್ತಿ ರೋಮುಲಸ್ ಅಗಸ್ಟುಲಸ್‌ನನ್ನು ಆ ಸೈನಿಕರ ನಾಯಕ ಓಡೊಯೇಸರ್ ಪಟ್ಟದಿಂದ ಇಳಿಸಿ, ಪಿಂಚಣಿ ಕೊಟ್ಟು ಕಳಿಸಿದ. ಇದೇ ಕಾಲದ ಇನ್ನೊಂದು ಘಟನೆ ಡ್ಯಾನ್ಯೂಬ್ ದಡದ ಬಟಾವಿಸ್‌ನದು, ಇಂದಿನ ಜರ್ಮನಿಯ ಪಸ್ಸಾವ್. ಸಂಬಳ ನಿಂತಂತೆ ಗಡಿಯ ಪಡೆಗಳು ಒಂದೊಂದಾಗಿ ಚದುರಿದವು, ಅಲ್ಲಿಯ ಪಡೆ ಮಾತ್ರ ಉಳಿದಿತ್ತು. ಬಾಕಿ ಸಂಬಳ ತರಲು ಕೆಲವರನ್ನು ಇಟಲಿಗೆ ಕಳಿಸಿದರು. ದಾರಿಯಲ್ಲೇ ಅವರನ್ನು ಕೊಂದರು, ಸುದ್ದಿ ಬಂದದ್ದು ಹೆಣಗಳು ನದಿಯಲ್ಲಿ ತೇಲಿ ದಡ ಮುಟ್ಟಿದಾಗ. ಪಶ್ಚಿಮ ರೋಮ್ ಕೊನೆಗೊಂಡ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ನನಗೆ ಬೇರೆ ಕಾಣದು. ಅಲ್ಲಿ ಮುಗಿದದ್ದು ಸಂಬಳ.

ಪೂರ್ವ ಯಾಕೆ ಉಳಿಯಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಈಜಿಪ್ಟ್, ಸಿರಿಯಾ, ಏಷ್ಯಾ ಮೈನರ್‌ಗಳಿಂದ ತೆರಿಗೆ ಐದನೆಯ ಶತಮಾನದುದ್ದಕ್ಕೂ ತಪ್ಪದೆ ಬಂತು. ಬಾಲ್ಕನ್ ಪ್ರದೇಶವನ್ನು ಯಾರು ಕೊಳ್ಳೆಹೊಡೆದರೂ ನಡುವೆ ಬಾಸ್ಫೊರಸ್ ಜಲಸಂಧಿ, ದಡದಲ್ಲಿ 413ರ ಕೋಟೆ. ಶತ್ರುವಿಗೆ ಚಿನ್ನ ಕೊಟ್ಟು ಬೇರೆಡೆ ಕಳಿಸುವಷ್ಟು ಶಕ್ತಿಯೂ ಇತ್ತು. ಪಶ್ಚಿಮ ಬಿದ್ದು ನಲವತ್ತು ವರ್ಷದ ನಂತರ, 518ರಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ಸತ್ತಾಗ ಬೊಕ್ಕಸದಲ್ಲಿ 3,20,000 ಪೌಂಡ್ ಚಿನ್ನ ಇತ್ತು ಎನ್ನುತ್ತಾರೆ. ಮುಂದೆ ಏಳನೆಯ ಶತಮಾನದಲ್ಲಿ ಈಜಿಪ್ಟ್ ಮೊದಲು ಪರ್ಷಿಯನ್ನರಿಗೆ, ಆಮೇಲೆ ಅರಬರಿಗೆ ಹೋದಾಗ ಪೂರ್ವವೂ ಹಾಗೆಯೇ ಕುಗ್ಗಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಡವರಿಗೆ ಹಂಚುತ್ತಿದ್ದ ರೊಟ್ಟಿ 618ರಲ್ಲಿ ನಿಂತದ್ದು ಅದರಿಂದಲೇ.

ಇನ್ನು ಭಾರತದ ಪ್ರಶ್ನೆ. ಪ್ರತಿ ವರ್ಷ ಭಾರತ 5 ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತದೆ ಎಂದು ರೋಮನ್ ಲೇಖಕ ಹಿರಿಯ ಪ್ಲಿನಿ ಮೊದಲ ಶತಮಾನದಲ್ಲಿ ದೂರಿದ್ದು ನಿಜ. ಆದರೆ ಅವನು ಹೇಳದೆ ಬಿಟ್ಟದ್ದು ಸುಂಕದ ಮಾತು. ಕೆಂಪು ಸಮುದ್ರದ ದಾರಿಯಿಂದ ಬಂದ ಸರಕಿಗೆ ರೋಮನ್ ಸರ್ಕಾರ ನೂರಕ್ಕೆ 25 ಸುಂಕ ಎತ್ತುತ್ತಿತ್ತು. ಎರಡನೆಯ ಶತಮಾನದ ಒಂದು ಪಪೈರಸ್ ಪತ್ರದಲ್ಲಿ ಮುಝಿರಿಸ್‌ನಿಂದ, ಅಂದರೆ ಕೇರಳದ ಕರಾವಳಿಯಿಂದ, ಬಂದ ಹೆರ್ಮಪೊಲ್ಲೊನ್ ಎಂಬ ಹಡಗಿನ ಸರಕಿನ ಬೆಲೆ ಇದೆ: ಸುಮಾರು 70 ಲಕ್ಷ ಸೆಸ್ಟರ್ಸ್. ಅದರ ಕಾಲು ಭಾಗ ಎಂದರೂ 17 ಲಕ್ಷಕ್ಕೆ ಮೇಲೆ. ಆಗ ಲೀಜನ್ ಸೈನಿಕನ ಸಂಬಳ ವರ್ಷಕ್ಕೆ 1,200 ಸೆಸ್ಟರ್ಸ್. ಒಂದೇ ಹಡಗಿನ ಸುಂಕದಿಂದ 1,400ಕ್ಕೂ ಹೆಚ್ಚು ಸೈನಿಕರ ವರ್ಷದ ಸಂಬಳ ಹುಟ್ಟುತ್ತಿತ್ತು. ಭಾರತದ ವ್ಯಾಪಾರ ರೋಮ್ ಬೊಕ್ಕಸವನ್ನು ತುಂಬಿದ್ದೇ ಹೆಚ್ಚು. ಅದಿರಲಿ, ಈ ವ್ಯಾಪಾರ ನಡೆದದ್ದು ಈಜಿಪ್ಟಿನ ಮೂಲಕ, ಆ ಈಜಿಪ್ಟ್ ಸೇರಿದ್ದು ಉಳಿದ ಪೂರ್ವಾರ್ಧಕ್ಕೆ.

ಕರ್ನಾಟಕದ ನೆಲದಲ್ಲಿ ಸಿಕ್ಕ ನಾಣ್ಯಗಳೂ ಇದೇ ಕಥೆ ಹೇಳುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ಡಿನೇರಿಯಸ್ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ಬೆಳ್ಳಿಯ ನಿಧಿ ಕ್ಲಾಡಿಯಸ್ ಕಾಲದವರೆಗಿನದು. ಮೂವರೂ ನೀರೋಗಿಂತ ಮೊದಲಿನವರು. ದಕ್ಷಿಣ ಭಾರತದ ವ್ಯಾಪಾರಿಗಳು ಬೆಳ್ಳಿಯನ್ನು ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು. ನೀರೋ ಬೆಳ್ಳಿಗೆ ತಾಮ್ರ ಬೆರೆಸಿದ ಮೇಲೆ ಇಲ್ಲಿಗೆ ಬೆಳ್ಳಿ ನಾಣ್ಯ ಬರುವುದು ಬಹುಮಟ್ಟಿಗೆ ನಿಂತು, ಚಿನ್ನದ್ದು ಹೆಚ್ಚಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಐದು ಮತ್ತು ಆರನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿಗಳ ಸಾಲಿಡಸ್‌ಗಳು ಇವೆ. ರವೆನ್ನಾದಲ್ಲಿ ಸೈನಿಕರಿಗೆ ಕೊಡಲು ಏನೂ ಇಲ್ಲದಿದ್ದ ಕಾಲದಲ್ಲೂ ಪೂರ್ವದ ಟಂಕಸಾಲೆ ಪೌಂಡಿಗೆ 72ರ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಚಿನ್ನ ಹೊಡೆಯುತ್ತಿತ್ತು, ಅದು ಹಾನಗಲ್ ಸೀಮೆಯವರೆಗೂ ಚಲಾವಣೆಯಾಗಿ ಬರುತ್ತಿತ್ತು.